ಬ್ರೇಕಿನ ಹೊಸ ಪ್ಯಾಡುಗಳೂ ಪಾದದ ಅನುಭವವೂ

ಮೋಟಾರು ಬಂಡಿಯ ಬ್ರೇಕಿಗೆ ಹೊಸ ಪ್ಯಾಡುಗಳನ್ನು ಹಾಕಿಸಿಕೊಂಡು ಮನೆಗೆ ಹಿಂದಿರುಗುವವರು ಅನೇಕವೇಳೆ ಒಂದು ವಿಚಿತ್ರವನ್ನು ಕಾಣುತ್ತಾರೆ. ಸವೆದುಹೋದ ಹಳೆಯ ಪ್ಯಾಡುಗಳಿದ್ದಾಗ ಪೆಡಲನ್ನು ಮೆಟ್ಟಿದೊಡನೆಯೇ ಬಂಡಿ ನಿಲ್ಲುತ್ತಿದ್ದಿತು. ಹಣ ತೆತ್ತು ಹೊಸವನ್ನು ಹಾಕಿಸಿದಮೇಲೆ ಪೆಡಲು ಮೆತ್ತಗಾದಂತೆಯೂ, ಬಂಡಿ ನಿಲ್ಲಲು ಅನುಮಾನಿಸುವಂತೆಯೂ ತೋರುತ್ತದೆ. ಇದು ದೋಷವೋ, ಸಹಜವೋ? ಸಹಜವಾದುದನ್ನು ದೋಷವೆಂದು ತಿಳಿದು ಹೆದರಿದರೆ ಆಗುವ ನಷ್ಟ ಅಲ್ಪ. ದೋಷವನ್ನು ಸಹಜವೆಂದು ಬಗೆದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಇವೆರಡನ್ನೂ ಬೇರ್ಪಡಿಸುವ ಬಗೆಯನ್ನು ಇಂದು ವಿಚಾರಮಾಡೋಣ.

ಮೊದಲು ಬ್ರೇಕು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಓಡುವ ಬಂಡಿಯಲ್ಲಿ ಚಲನಶಕ್ತಿಯುಂಟು. ಶಕ್ತಿ ಹೇಳದೆ ಕೇಳದೆ ಮಾಯವಾಗತಕ್ಕದ್ದಲ್ಲ. ಬ್ರೇಕು ಅದನ್ನು ಘರ್ಷಣೆಯ ಮೂಲಕ ಶಾಖವನ್ನಾಗಿ ಮಾರ್ಪಡಿಸುತ್ತದೆ. 1,000 ಕಿಲೋಗ್ರಾಮ್ ತೂಕದ ಬಂಡಿ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುತ್ತಿದ್ದು ನಿಂತಿತೆನ್ನೋಣ. ಆಗ ಹುಟ್ಟುವ ಶಾಖದಿಂದ ಸುಮಾರು 440 ಗ್ರಾಮ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಇಷ್ಟೆಲ್ಲ ಶಾಖವೂ ಕೆಲವೇ ಕ್ಷಣಗಳಲ್ಲಿ, ಅಂಗೈಯಗಲದ ಕೆಲವು ಪ್ಯಾಡುಗಳ ಮೈಮೇಲೆ ಹುಟ್ಟಬೇಕು.

ಈ ಉಜ್ಜುವ ವಸ್ತುವಿನ ಚರಿತ್ರೆಯೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಡಾರ್ಬಿಷೈರ್ ಪ್ರಾಂತದಲ್ಲಿ ಗಾಡಿಯವರು ಇಳಿಜಾರಿನಲ್ಲಿ ಚಕ್ರಗಳನ್ನು ತಡೆಯಲು ಹಳೆಯ ಬೂಟುಗಳನ್ನು ಬಳಸುತ್ತಿದ್ದುದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬಾತನು ಇದಕ್ಕಿಂತ ಒಳ್ಳೆಯ ವಸ್ತುವನ್ನು ಹುಡುಕಲು ತೊಡಗಿದನೆಂದು ಹೇಳುತ್ತಾರೆ. 1897ರಲ್ಲಿ ಆರಂಭವಾದ ಅವನ ಉದ್ಯಮವೇ ಮುಂದೆ ಫೆರೋಡೋ ಎಂದು ಹೆಸರಾಯಿತು. 1902ರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರನು ಬಿಲ್ಲೆಯ ಬ್ರೇಕಿಗೆ ಹಕ್ಕುಪತ್ರ ಪಡೆದನು. ಆದರೆ 1953ರ ಲ ಮಾನ್ ಪಂದ್ಯದಲ್ಲಿ ಇಂಥ ಬ್ರೇಕುಗಳಿದ್ದ ಜಾಗ್ವಾರ್ ಬಂಡಿ ಗೆದ್ದನಂತರವೇ ಅದರ ಮೇಲ್ಮೆ ಲೋಕಕ್ಕೆ ಚೆನ್ನಾಗಿ ಮನವರಿಕೆಯಾಯಿತು.

ಇದರ ರಚನೆ ಸರಳ. ಚಕ್ರದೊಡನೆ ಎರಕದ ಕಬ್ಬಿಣದ ಒಂದು ಬಿಲ್ಲೆ ತಿರುಗುತ್ತಿರುತ್ತದೆ. ಅದರ ಇಕ್ಕೆಲಗಳಲ್ಲಿಯೂ ಒಂದೊಂದು ಪ್ಯಾಡು. ನಾವು ಪೆಡಲನ್ನು ಮೆಟ್ಟಿದಾಗ ಕೊಳವೆಯಲ್ಲಿರುವ ದ್ರವವು ಕ್ಯಾಲಿಪರಿನ ಪಿಸ್ಟನ್ನುಗಳನ್ನು ನೂಕುತ್ತದೆ. ಪ್ಯಾಡುಗಳು ಬಿಲ್ಲೆಯನ್ನು ಇಕ್ಕಳದಂತೆ ಹಿಡಿಯುತ್ತವೆ. ಪ್ಯಾಸ್ಕಲನ ನಿಯಮದಂತೆ ದ್ರವದ ಒತ್ತಡವು ಎಲ್ಲೆಡೆಯೂ ಸಮವಾಗಿ ಹರಡುವುದರಿಂದ, ಪೆಡಲಿನ ಕಡೆಯ ಪಿಸ್ಟನ್ನಿಗಿಂತ ಚಕ್ರದ ಕಡೆಯ ಪಿಸ್ಟನ್ನುಗಳ ವಿಸ್ತೀರ್ಣ ಹತ್ತರಷ್ಟಿದ್ದರೆ ಬಲವೂ ಹತ್ತರಷ್ಟಾಗುತ್ತದೆ. ಆದರೆ ಈ ಲಾಭ ಬಿಟ್ಟಿಯಾಗಿ ಬಂದುದಲ್ಲ. ಚಕ್ರದ ಬಳಿಯ ಪಿಸ್ಟನ್ನುಗಳು ಒಂದು ಮಿಲಿಮೀಟರು ಸರಿಯಬೇಕಾದರೆ ಪೆಡಲಿನ ಕಡೆಯದು ಹತ್ತು ಮಿಲಿಮೀಟರು ಸರಿಯಬೇಕು.

ಈ ಲೆಕ್ಕದಿಂದಲೇ ನಮ್ಮ ಮೊದಲನೆಯ ಅನುಭವ ಅರ್ಥವಾಗುತ್ತದೆ. ಹೊಸ ಪ್ಯಾಡು ದಪ್ಪ; ಅದನ್ನು ಕೂರಿಸಬೇಕಾದರೆ ಮೆಕ್ಯಾನಿಕ್ಕು ಪಿಸ್ಟನ್ನನ್ನು ಒಳಕ್ಕೆ ಒತ್ತಿ ಹಿಂದಕ್ಕೆ ಸರಿಸುತ್ತಾನೆ. ಕೆಲಸ ಮುಗಿದಾಗ ಪ್ಯಾಡಿಗೂ ಪಿಸ್ಟನ್ನಿಗೂ ನಡುವೆ ಎಡೆ ಉಳಿದಿರುತ್ತದೆ. ಆಗ ಪೆಡಲನ್ನು ಮೆಟ್ಟಿದರೆ ಅದು ನೆಲಮುಟ್ಟಬಹುದು. ಬ್ರೇಕು ಹಿಡಿಯದೆಯೇ ಹೋಗಬಹುದು. ಕೆಲವು ಸಾರಿ ಮೆಟ್ಟಿ ಬಿಟ್ಟರೆ ಪಿಸ್ಟನ್ನುಗಳು ಮುಂದೆ ಬಂದು ಪೆಡಲು ಗಟ್ಟಿಯಾಗುತ್ತದೆ. ಇದನ್ನು ಬಂಡಿ ನಿಂತಿರುವಾಗಲೇ ಮಾಡತಕ್ಕದ್ದು. ಹಾಗೆ ಮಾಡದೆ ಬಂಡಿಯನ್ನು ರಸ್ತೆಗೆ ಇಳಿಸಿದವನು ಮೊದಲನೆಯ ತಿರುವಿನಲ್ಲಿಯೇ ಬ್ರೇಕಿಲ್ಲದವನಾಗುತ್ತಾನೆ.

ಎರಡನೆಯ ಅನುಭವಕ್ಕೆ ಕಾರಣ ಬೇರೆ. ಹಳೆಯ ಬಿಲ್ಲೆಯ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಅದರಲ್ಲಿ ಸಣ್ಣ ಗೀರುಗಳೂ ಏರುತಗ್ಗುಗಳೂ ಇರುತ್ತವೆ. ಹಳೆಯ ಪ್ಯಾಡು ಸಾವಿರಾರು ಮೈಲಿ ಉಜ್ಜಿ ಉಜ್ಜಿ ಅವಕ್ಕೆ ತಕ್ಕಂತೆ ಸವೆದಿರುತ್ತದೆ. ಹೊಸ ಪ್ಯಾಡಿನ ಮೈ ಸಮತಟ್ಟು. ಅದು ಬಿಲ್ಲೆಯ ಉಬ್ಬುಗಳನ್ನು ಮಾತ್ರ ಮುಟ್ಟುತ್ತದೆ. ಇದಲ್ಲದೆ, ಒಗ್ಗಿದ ಬ್ರೇಕಿನಲ್ಲಿ ಪ್ಯಾಡಿನ ವಸ್ತುವಿನದೇ ತೆಳುವಾದ ಪೊರೆಯೊಂದು ಬಿಲ್ಲೆಯ ಮೇಲೆ ಹರಡಿಕೊಂಡಿರುತ್ತದೆ; ಹಿಡಿತದ ಬಹುಭಾಗ ಈ ಪೊರೆಯಿಂದಲೇ ಬರುವುದು. ಹೊಸ ಪ್ಯಾಡು ಈ ಪೊರೆಯನ್ನು ಇನ್ನೂ ಹರಡಬೇಕಾಗಿದೆ. ಅದರ ಕಣಗಳನ್ನು ಬಂಧಿಸಿರುವ ರಾಳವೂ ಮೊದಲಬಾರಿ ಚೆನ್ನಾಗಿ ಕಾದಾಗ ಅನಿಲವನ್ನು ಹೊರಬಿಟ್ಟು ಹಿಡಿತವನ್ನು ಇನ್ನಷ್ಟು ಕುಗ್ಗಿಸಬಹುದು.

ಆದುದರಿಂದ ಹೊಸ ಪ್ಯಾಡುಗಳನ್ನು ಒಗ್ಗಿಸಬೇಕು. ಇದಕ್ಕೆ ತಯಾರಕರು ಕೊಡುವ ಸೂಚನೆಯೇ ಪ್ರಮಾಣ. ಸಾಮಾನ್ಯವಾಗಿ ನಿರ್ಜನವಾದ ನೇರ ರಸ್ತೆಯಲ್ಲಿ, ಗಂಟೆಗೆ 50 ಕಿಲೋಮೀಟರು ವೇಗದಿಂದ 10ಕ್ಕೆ ಇಳಿಯುವವರೆಗೆ ಹದವಾಗಿ ಬ್ರೇಕು ಹಾಕಿ, ನಡುನಡುವೆ ಗಾಳಿಗೆ ಆರಲು ಬಿಟ್ಟು, ಸುಮಾರು ಹತ್ತು ಸಾರಿ ಹೀಗೆ ಮಾಡುವುದುಂಟು. ಬ್ರೇಕು ಬಿಸಿಯಾಗಿರುವಾಗ ಬಂಡಿಯನ್ನು ನಿಲ್ಲಿಸಿ ಪೆಡಲನ್ನು ಒತ್ತಿಹಿಡಿಯಬಾರದು. ಪೊರೆ ಒಂದೇ ಕಡೆ ಅಂಟಿಕೊಂಡು ಮುಂದೆ ಬ್ರೇಕು ನಡುಗುವುದಕ್ಕೆ ಕಾರಣವಾಗುತ್ತದೆ. ಮೊದಲ 200–300 ಕಿಲೋಮೀಟರಿನಲ್ಲಿ ಮುಂದಿನ ಬಂಡಿಗೂ ನಮಗೂ ಹೆಚ್ಚು ಅಂತರವನ್ನಿಡುವುದು ವಿವೇಕ. ಇದೇನು ಅತಿಯಾದ ಭಯವಲ್ಲ. 60 ಕಿಲೋಮೀಟರು ವೇಗದ ಬಂಡಿಯ ವೇಗವು ಸೆಕೆಂಡಿಗೆ 7 ಮೀಟರಿನಂತೆ ಕುಗ್ಗಿದರೆ ಅದು 20 ಮೀಟರಿನೊಳಗೆ ನಿಲ್ಲುತ್ತದೆ. ಸೆಕೆಂಡಿಗೆ 5 ಮೀಟರಿನಂತೆ ಮಾತ್ರ ಕುಗ್ಗಿದರೆ 28 ಮೀಟರು ಬೇಕು. ರಸ್ತೆಗೆ ಓಡಿಬಂದ ಮಗುವಿಗೆ ಈ 8 ಮೀಟರೇ ಆಯುಸ್ಸು. ಆಗುಂಬೆಯ ಘಾಟಿಯ 14 ತಿರುವುಗಳಾಗಲಿ ಅಂಥ ಬೇರೆ ಇಳಿಜಾರಾಗಲಿ ಹೊಸ ಪ್ಯಾಡನ್ನು ಪರೀಕ್ಷಿಸುವ ಸ್ಥಳವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ದೋಷದ ಲಕ್ಷಣಗಳು. ಹಿಡಿತ ಕಡಮೆಯಾಗಿದ್ದರೂ ಪೆಡಲು ಪಾದಕ್ಕೆ ಗಟ್ಟಿಯಾಗಿ ಎದುರುನಿಂತರೆ, ಅದು ಬಹುಮಟ್ಟಿಗೆ ಹೊಸತನದ ಫಲ, ದಿನದಿನಕ್ಕೂ ಸುಧಾರಿಸುತ್ತದೆ. ಪೆಡಲು ಹಸಿ ಹಿಟ್ಟಿನಂತೆ ಕುಸಿದರೆ, ಅಥವಾ ಒತ್ತಿಹಿಡಿದಾಗ ನಿಧಾನವಾಗಿ ಕೆಳಗಿಳಿದರೆ ಅದು ಬೇರೆ ಮಾತು. ದ್ರವವನ್ನು ಒತ್ತಿ ಕುಗ್ಗಿಸುವುದು ಬಹು ಕಷ್ಟ. ಗಾಳಿಯನ್ನು ಕುಗ್ಗಿಸುವುದು ಸುಲಭ. ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿದ್ದರೆ ಪಾದದ ಶ್ರಮವೆಲ್ಲ ಅದನ್ನು ಕುಗ್ಗಿಸುವುದರಲ್ಲಿಯೇ ಮುಗಿಯುತ್ತದೆ. ದ್ರವ ಹಳೆಯದಾಗಿದ್ದರೂ ಅಪಾಯವುಂಟು. ನಾವು ಬ್ರೇಕ್ ಆಯಿಲ್ ಎಂದು ಕರೆಯುವುದು ವಾಸ್ತವವಾಗಿ ಎಣ್ಣೆಯಲ್ಲ. ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ದ್ರವ. ಅದು ಗಾಳಿಯಿಂದ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ತೇವ ಹೀರಿದಮೇಲೆ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಘಾಟಿಯ ಇಳಿತದಲ್ಲಿ ಅದು ಕುದಿದರೆ ಆವಿಯ ಗುಳ್ಳೆಗಳೆದ್ದು ಪೆಡಲು ಪೊಳ್ಳಾಗುತ್ತದೆ.

ಬ್ರೇಕು ಹಾಕಿದಾಗ ಬಂಡಿ ಒಂದು ಪಕ್ಕಕ್ಕೆ ಎಳೆದರೆ, ಕಬ್ಬಿಣ ಕಬ್ಬಿಣವನ್ನು ತೇಯುವ ಸದ್ದಾದರೆ, ಚಕ್ರದ ಬಳಿ ಸೀದ ವಾಸನೆ ಬಂದರೆ, ಅವು ಕಾಲಕ್ರಮದಲ್ಲಿ ಸರಿಹೋಗತಕ್ಕವಲ್ಲ. ಕೂಡಲೇ ಹಿಂದಿರುಗಿ ತೋರಿಸಬೇಕು.

ಒಟ್ಟಿನಲ್ಲಿ, ಹೊಸ ಪ್ಯಾಡಿನ ಮಂದಹಿಡಿತವನ್ನು ತಾಳ್ಮೆಯಿಂದ ಒಗ್ಗಿಸಬಹುದು. ಕುಸಿಯುವ ಪೆಡಲನ್ನು ಒಂದು ಮೈಲಿಯೂ ಸಹಿಸಬಾರದು. ಬಂಡಿಯನ್ನು ಮೆಕ್ಯಾನಿಕ್ಕಿನಿಂದ ಹಿಂದಕ್ಕೆ ಪಡೆಯುವಾಗ, ಎಂಜಿನ್ನನ್ನು ಚಾಲೂ ಮಾಡಿ, ಗೇರು ಹಾಕುವುದಕ್ಕೆ ಮುನ್ನ ಪೆಡಲನ್ನು ನಾಲ್ಕು ಸಾರಿ ಮೆಟ್ಟಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಬ್ರೇಕಿನ ವಿಚಾರದಲ್ಲಿ ನಮ್ಮಂಥ ಸಾಮಾನ್ಯರು ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಸುಲಭವಾದುದೂ ಬೆಲೆಯುಳ್ಳದ್ದೂ ಮತ್ತೊಂದಿಲ್ಲ.