ತಲಾಂತಿನ ಲೆಕ್ಕ: ಕ್ರೈಸ್ತ ಬರಹಗಾರ ಮತ್ತು ಬರವಣಿಗೆಯ ಉದ್ದೇಶ

ಕನ್ನಡ ಬೈಬಲಿನ ‘ತಲಾಂತು’ ಎಂಬ ಪದಕ್ಕೆ ಕ್ರೈಸ್ತರ ಮಾತಿನಲ್ಲಿ ಇಂದು ಎರಡು ಅರ್ಥಗಳಿವೆ. ಮೂಲದಲ್ಲಿ ಅದು ಪ್ರಾಚೀನ ಕಾಲದ ಒಂದು ತೂಕದ ಹೆಸರು, ಅಷ್ಟು ತೂಕದ ಬೆಳ್ಳಿಬಂಗಾರದ ಮೊತ್ತಕ್ಕೂ ಅದೇ ಹೆಸರು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯದಲ್ಲಿ, ಅಂದರೆ ದೃಷ್ಟಾಂತಕಥೆಯಲ್ಲಿ, ಪರದೇಶಕ್ಕೆ ಹೊರಟ ಯಜಮಾನನೊಬ್ಬ ತನ್ನ ಆಳುಗಳಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸಿ ಹೋಗುತ್ತಾನೆ. ಇಬ್ಬರು ವ್ಯಾಪಾರ ಮಾಡಿ ಅದನ್ನು ಇಮ್ಮಡಿಗೊಳಿಸುತ್ತಾರೆ, ಮೂರನೆಯವನು ಹೆದರಿ ನೆಲದಲ್ಲಿ ಹೂತಿಡುತ್ತಾನೆ. ಈ ಕಥೆಯ ಬಲದಿಂದಲೇ ಪದಕ್ಕೆ ‘ದೇವರು ಕೊಟ್ಟ ಪ್ರತಿಭೆ’ ಎಂಬ ಎರಡನೆಯ ಅರ್ಥ ಬಂದಿತು. ಹಾಡು, ಚಿತ್ರ, ಬರವಣಿಗೆ ಯಾವುದೇ ಇರಲಿ, ಅದು ಸ್ವಂತದ್ದಲ್ಲ, ಒಪ್ಪಿಸಿದ್ದು, ಒಂದು ದಿನ ಲೆಕ್ಕ ಕೊಡಬೇಕಾದದ್ದು ಎಂಬ ಭಾವನೆ ಕ್ರೈಸ್ತ ಬರಹಗಾರನ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ಆದರೆ ಯಾವ ಬರವಣಿಗೆ ವ್ಯಾಪಾರಕ್ಕೆ ಹಾಕಿದ ತಲಾಂತು, ಯಾವುದು ಹೂತಿಟ್ಟದ್ದು ಎಂಬುದನ್ನು ಕಥೆ ಹೇಳುವುದಿಲ್ಲ.

ಇದರ ಜೊತೆಗೆ ‘ಕರೆ’ ಎಂಬ ಇನ್ನೊಂದು ಕಲ್ಪನೆಯೂ ಸೇರುತ್ತದೆ. ಮಧ್ಯಯುಗದ ಯುರೋಪಿನಲ್ಲಿ ದೇವರ ಕರೆ ಎಂದರೆ ಮುಖ್ಯವಾಗಿ ಸಂನ್ಯಾಸಕ್ಕೂ ಯಾಜಕವೃತ್ತಿಗೂ ಬಂದ ಕರೆಯಾಗಿತ್ತು. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಅದನ್ನು ಹಿಗ್ಗಿಸಿ, ನಂಬಿಕೆಯಿಂದ ದುಡಿಯುವ ರೈತನ, ಕುಶಲಕರ್ಮಿಯ, ಮಗುವನ್ನು ಸಾಕುವ ತಾಯಿಯ ಕೆಲಸವೂ ದೇವರ ಕರೆಯೇ ಎಂದು ಬೋಧಿಸಿದನು. ಚಮ್ಮಾರನಿಗೆ ಈ ಬೋಧನೆ ನೇರವಾಗಿ ಒಪ್ಪುತ್ತದೆ, ಏಕೆಂದರೆ ಜೋಡು ಗಟ್ಟಿಯಾಗಿದ್ದರೆ ಸಾಕು, ಅದರ ಮೇಲೆ ಅವನ ಮತ ಬರೆದಿರಬೇಕಾಗಿಲ್ಲ. ಬರಹಗಾರನ ಸರಕು ಮಾತೇ ಆದುದರಿಂದ ಅವನ ಬರವಣಿಗೆಯಲ್ಲಿ ನಂಬಿಕೆಯ ಹೆಸರು ಕಾಣಲೇಬೇಕೆಂದು ಅವನ ಸಭೆಯೂ ಕೆಲವೊಮ್ಮೆ ಅವನ ಆತ್ಮಸಾಕ್ಷಿಯೂ ಒತ್ತಾಯಿಸುತ್ತವೆ. ಇಂಗ್ಲೆಂಡಿನ ಲೇಖಕಿ ಡೊರೊತಿ ಸೇಯರ್ಸ್ 1942ರಲ್ಲಿ ದುಡಿಮೆಯ ಕುರಿತು ಮಾಡಿದ ಭಾಷಣದಲ್ಲಿ ಈ ಒತ್ತಾಯವನ್ನು ಎದುರಿಸಿದರು. ಬಡಗಿಯ ಧರ್ಮ ಅವನಿಂದ ಕೇಳುವ ಮೊದಲ ಸಂಗತಿ ಒಳ್ಳೆಯ ಮೇಜು ಎಂಬುದು ಅವರ ವಾದದ ಸಾರ. ವಾದ ಸರಿಯಾದದ್ದೇ; ಆದರೆ ಅದನ್ನು ಬದುಕಿ ತೋರಿಸುವುದು ಎಷ್ಟು ಕಠಿಣವೆಂಬುದನ್ನು ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್‌ನ ಜೀವನದಲ್ಲಿ ನೋಡಬೇಕು.

ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗಲೇ, 1866ರಲ್ಲಿ, ಕಥೋಲಿಕ ಸಭೆಗೆ ಸೇರಿದ ಹಾಪ್ಕಿನ್ಸ್ 1868ರಲ್ಲಿ ಯೇಸುಸಭೆಯ ಸಂನ್ಯಾಸವನ್ನು ಆರಿಸಿಕೊಂಡಾಗ, ಕವಿತೆ ತನ್ನ ಕರೆಗೆ ಸೇರಿದ್ದಲ್ಲವೆಂದು ಬಗೆದು ಅದುವರೆಗಿನ ತನ್ನ ಕವಿತೆಗಳನ್ನು ಸುಟ್ಟುಹಾಕಿದನು. ಹಿರಿಯರ ಇಚ್ಛೆಯಿದ್ದ ಹೊರತು ಇನ್ನು ಬರೆಯುವುದಿಲ್ಲವೆಂದು ನಿಶ್ಚಯಿಸಿ ಏಳು ವರ್ಷ ಬಹುಮಟ್ಟಿಗೆ ಮೌನವಾಗಿಯೇ ಉಳಿದನು. 1875ರ ಡಿಸೆಂಬರಿನಲ್ಲಿ ಜರ್ಮನಿಯಿಂದ ಹೊರಟ ‘ಡಾಯ್ಚ್‌ಲಾಂಟ್’ ಎಂಬ ಹಡಗು ಥೇಮ್ಸ್ ನದೀಮುಖದ ಬಳಿ ಮರಳದಿಬ್ಬಕ್ಕೆ ಬಡಿದು, ಅದರಲ್ಲಿದ್ದ ಐವರು ಫ್ರಾನ್ಸಿಸ್ಕನ್ ಸಂನ್ಯಾಸಿನಿಯರೂ ನೀರುಪಾಲಾದರು. ಸುದ್ದಿಯಿಂದ ಕಲಕಿಹೋಗಿದ್ದ ಹಾಪ್ಕಿನ್ಸ್‌ನ ಮುಂದೆ ಅವನ ಮಠದ ಹಿರಿಯರು, ಯಾರಾದರೂ ಇದರ ಬಗ್ಗೆ ಕವಿತೆ ಬರೆದರೆ ಒಳ್ಳೆಯದಿತ್ತು ಎಂದರು. ಅಷ್ಟು ಮಾತೇ ಅವನಿಗೆ ಅಪ್ಪಣೆಯಾಯಿತು. ಆದರೆ ಬರೆದ ದೀರ್ಘಕವಿತೆಯನ್ನು ಅವನ ಸಂಘದ ಪತ್ರಿಕೆಯೇ ಅಚ್ಚುಮಾಡಲಿಲ್ಲ, 1889ರಲ್ಲಿ ಅವನು ತೀರಿಕೊಂಡಾಗ ಅವನು ಕವಿಯೆಂದು ಬಲ್ಲವರು ಬೆರಳೆಣಿಕೆಯಷ್ಟು ಜನ. ಗೆಳೆಯ ರಾಬರ್ಟ್ ಬ್ರಿಜಸ್ ಅವನ ಸಂಕಲನವನ್ನು ಹೊರತಂದದ್ದು 1918ರಲ್ಲಿ. ಓದುಗರಿಲ್ಲದೆಯೂ ಅವನು ಬರೆಯುತ್ತಲೇ ಹೋದದ್ದು, ಸುಟ್ಟ ಕವಿತೆಗಳಿಗಿಂತ ಮಿಗಿಲಾಗಿ, ಅವನ ನಂಬಿಕೆಯ ಸಾಕ್ಷಿಯಾಗಿ ತೋರುತ್ತದೆ.

ಕನ್ನಡದಲ್ಲಿ ಈ ಪ್ರಶ್ನೆ ಹುಟ್ಟಿದ್ದು ಬೇರೊಂದು ನೆಲೆಯಲ್ಲಿ. 19ನೆಯ ಶತಮಾನದಲ್ಲಿ ಮಂಗಳೂರನ್ನು ಕೇಂದ್ರವಾಗಿಸಿಕೊಂಡ ಬಾಸೆಲ್ ಮಿಷನ್ನಿಗೆ ಬರವಣಿಗೆಯ ಉದ್ದೇಶದ ಬಗ್ಗೆ ಸಂಶಯವಿರಲಿಲ್ಲ, ಸುವಾರ್ತೆಯ ಪ್ರಸಾರವೇ ಅದರ ಗುರಿ. ಆದರೂ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೊಗ್ಲಿಂಗ್ ಹರಿದಾಸರ ಪದಗಳನ್ನೂ ಅಚ್ಚಿಗೆ ತಂದನು. ಫರ್ಡಿನಂಡ್ ಕಿಟೆಲ್‌ನಲ್ಲಿ ಈ ಹೊರಳು ಇನ್ನೂ ಸ್ಪಷ್ಟವಾಗುತ್ತದೆ. 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಮೊದಲು ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ‘ಕಥಾಮಾಲೆ’ಯನ್ನು ರಚಿಸಿದನು. ಆ ಛಂದಸ್ಸನ್ನು ಅರಿಯಬೇಕಾಗಿ ಬಂದದ್ದು ಅವನನ್ನು ಹಳಗನ್ನಡದ ಲಕ್ಷಣಗ್ರಂಥಗಳ ಬಳಿಗೆ ಒಯ್ದಿರಬೇಕು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದನು. ಸುವಾರ್ತೆಯನ್ನೇ ವಸ್ತುವಾಗಿಸಿಕೊಂಡ ‘ಕಥಾಮಾಲೆ’ಯನ್ನು ಓದುವವರು ಇಂದು ವಿರಳ, ಗಾದೆಗಳನ್ನೂ ಕಾವ್ಯಪ್ರಯೋಗಗಳನ್ನೂ ಪದದ ಬೆನ್ನಿಗಿಟ್ಟ ನಿಘಂಟನ್ನು ತೆರೆಯದ ಕನ್ನಡ ವಿದ್ವಾಂಸರಿಲ್ಲ. ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಿಗೆ ಹಿಗ್ಗಿಸಿದರು. ಒಬ್ಬನಿಗೆ ಒಪ್ಪಿಸಿದ ತಲಾಂತನ್ನು ಹೀಗೆ ಬೇರೆ ನಂಬಿಕೆಯ ಇನ್ನೊಬ್ಬರು ಬೆಳೆಸಿದರು.

ಕಿಟೆಲ್ ಹೊರಗಿನಿಂದ ಬಂದು ಭಾಷೆಯನ್ನು ಕಲಿತವನು. ಅದೇ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರಿಗೆ (1881–1962) ಕನ್ನಡ ಹುಟ್ಟುನುಡಿ, ನೆರೆಹೊರೆಯ ಶರಣಪರಂಪರೆ ಹುಟ್ಟುನೆಲದ ಗಾಳಿ. ಆದ್ದರಿಂದ ಅವರ ಪ್ರಶ್ನೆ ಹೆಚ್ಚು ಇಕ್ಕಟ್ಟಿನದು. 1921ರಲ್ಲಿ ಅವರು ಪ್ರಕಟಿಸಿದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಕ್ರಿಸ್ತಜನ್ಮದ ಊರು ಕಾಶಿಯನ್ನು ಉದ್ದೇಶಿಸಿ ಆಡುವ ಮಾತೆಂಬುದನ್ನು ಅದರ ಹೆಸರೇ ತಿಳಿಸುತ್ತದೆ, ಪಾದ್ರಿಯಿಂದ ನಿರೀಕ್ಷಿಸಬಹುದಾದ ಪುಸ್ತಕವೂ ಅದೇ. ಮೂರು ವರ್ಷಗಳಲ್ಲಿ, 1924ರಲ್ಲಿ, ಅವರು ಹೊರತಂದದ್ದು ಸರ್ವಜ್ಞನ ವಚನಗಳ ಸಂಗ್ರಹ. ಓಲೆಗರಿಗಳಲ್ಲಿ, ಕಾಗದದ ಪ್ರತಿಗಳಲ್ಲಿ, ಜನರ ಬಾಯಲ್ಲಿ ಚದುರಿಹೋಗಿದ್ದ ತ್ರಿಪದಿಗಳನ್ನು, ಎಂದರೆ ಮೂರು ಸಾಲಿನ ಪದ್ಯಗಳನ್ನು, ಹುಡುಕಿ ತಂದು, ಪಾಠಗಳನ್ನು ಹೋಲಿಸಿ, ವಿಷಯವಾರು ಜೋಡಿಸುವ ಕೆಲಸ ಅದಾಗಿತ್ತು. ಅವರಿಗೆ ಸಂದ ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು, ಅಂದರೆ ಅಚ್ಚಗನ್ನಡವನ್ನು ಬೇಡಿ ತರುವ ಭಿಕ್ಷುಕ ಎಂಬುದು, ಈ ಅಲೆದಾಟಕ್ಕೆ ಚೆನ್ನಾಗಿ ಹೊಂದುತ್ತದೆ.

ಮೊದಲನೆಯದು ಕ್ರೈಸ್ತ ಪುಸ್ತಕ, ಎರಡನೆಯದು ಕನ್ನಡದ ಪುಸ್ತಕ ಎಂದು ಬೇರ್ಪಡಿಸುವುದು ಸುಲಭ, ಆದರೆ ಅದು ತಪ್ಪು. ಸಂಪಾದಕನೆದುರು ಇರುವ ಆಮಿಷ ಬಹಳ ಸೂಕ್ಷ್ಮವಾದದ್ದು: ತನಗೆ ಒಪ್ಪುವ ಪದ್ಯವನ್ನು ಉಳಿಸಿ ಒಪ್ಪದ್ದನ್ನು ಬಿಡುವುದು, ಪಾಠವನ್ನು ತನ್ನ ಮತದ ಕಡೆಗೆ ತುಸು ಬಾಗಿಸುವುದು, ಜಾತಿಭೇದವನ್ನು ಖಂಡಿಸಿದ ಕವಿಯಿಂದ ತನ್ನ ಧರ್ಮದ ಮಾತನ್ನೇ ಆಡಿಸುವುದು. ಬೈಬಲಿನ ಹತ್ತು ಆಜ್ಞೆಗಳಲ್ಲಿ ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯೊಂದಿದೆ. ಅನ್ಯಧರ್ಮದ ಕವಿಯ ಮಾತನ್ನು ಅವನು ಆಡಿದ ಹಾಗೆಯೇ ಒಪ್ಪಿಸುವ ಸಂಪಾದಕ ಆ ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತಾನೆ. ಇಂಥ ಪಾಲನೆಗೆ ಕ್ರಿಸ್ತನ ಹೆಸರು ಪುಟಪುಟದಲ್ಲೂ ಬರಬೇಕಾಗಿಲ್ಲ. ಶರಣರ ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ವಿದ್ವಾಂಸರಲ್ಲಿ ಸಂದೇಹವೆದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಪುಸ್ತಕವನ್ನೇ ಬರೆದವರೂ ಈ ಪಾದ್ರಿಯೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ದೊರೆಯಿತು.

ಭಕ್ತಿಗೀತೆಯನ್ನೋ ಪ್ರಸಂಗವನ್ನೋ ಬರೆಯುವ ಕ್ರೈಸ್ತ ಲೇಖಕನ ಕೆಲಸ ಇದರಿಂದ ಕಿರಿದಾಗುವುದಿಲ್ಲ. ಸಭೆಗೆ ಆ ಬರವಣಿಗೆಯೂ ಬೇಕು. ಆದರೆ ತರ್ಜುಮೆಯ ವಾಸನೆ ಬಿಡದ ವಾಕ್ಯದಲ್ಲಿ, ಸವೆದ ಪದಗಳಲ್ಲಿ ಬರೆದದ್ದನ್ನು ಅದರ ಪವಿತ್ರ ವಸ್ತು ಕಾಪಾಡಲಾರದು, ಮತ್ತು ನಂಬಿಕೆಯ ಹೆಸರಿನಲ್ಲಿ ಹೊರಟ ದುರ್ಬಲ ಬರವಣಿಗೆಯನ್ನು ಸಭೆ ಕನಿಕರದಿಂದ ಒಪ್ಪಿಕೊಂಡಷ್ಟೂ ಬರಹಗಾರನ ಕೈ ಸಡಿಲವಾಗುತ್ತದೆ. ಇನ್ನೊಂದು ಬದಿಯಲ್ಲಿ, ಉತ್ತಂಗಿಯವರ ದಾರಿಯಲ್ಲಿ ನಡೆದವನಿಗೂ ಒಂದು ಕಳವಳ ತಪ್ಪಿದ್ದಲ್ಲ: ತನ್ನ ದುಡಿಮೆಯಲ್ಲಿ ಓದುಗನಿಗೆ ತನ್ನ ದೇವರು ಕಾಣದೆಯೇ ಹೋದರೆ? ಶಾಲೆಗಳಲ್ಲಿ ಸರ್ವಜ್ಞನ ತ್ರಿಪದಿಗಳನ್ನು ಬಾಯಿಪಾಠ ಮಾಡುವ ಮಕ್ಕಳಲ್ಲಿ ಹೆಚ್ಚಿನವರಿಗೆ, ಚದುರಿದ್ದ ಆ ಪದ್ಯಗಳನ್ನು ಕೂಡಿಸಿ ಕನ್ನಡಕ್ಕೆ ಒಪ್ಪಿಸಿದವರಲ್ಲಿ ಚರ್ಚಿನ ಪಾದ್ರಿಯೊಬ್ಬರಿದ್ದರೆಂಬುದು ತಿಳಿದಿರುವುದಿಲ್ಲ.