ಗುಣದಬೆಡಂಗಿ ಅಕ್ಕಾದೇವಿ

ರಾಜ್ಯೋತ್ಸವ ಹತ್ತಿರ ಬಂತೆಂದರೆ ಬಿನ್ ಮಹಮೂದಿನ ನಮ್ಮ ಮನೆಗಳಲ್ಲಿ ಇಳಕಲ್ ಸೀರೆ, ರಟ್ಟಿನ ಕತ್ತಿಗಳ ಹುಡುಕಾಟ ಆರಂಭವಾಗುತ್ತದೆ. ಛದ್ಮವೇಷಕ್ಕೆ ನಿಲ್ಲುವ ಹೆಣ್ಣುಮಕ್ಕಳಲ್ಲಿ ಇಬ್ಬರಾದರೂ ಕಿತ್ತೂರು ಚೆನ್ನಮ್ಮ, ಒಬ್ಬಳು ಓಬವ್ವ. ನೃತ್ಯ ಕಲಿಯುತ್ತಿರುವವಳಿದ್ದರೆ ಅವಳು ಶಾಂತಲೆ. ಅಕ್ಕಾದೇವಿಯ ವೇಷ ತೊಟ್ಟವರನ್ನು ಮಾತ್ರ ನಾವು ಕಂಡಿಲ್ಲ. ಹೆಸರೆತ್ತಿದರೆ "ವಚನ ಬರೆದ ಅಕ್ಕಮಹಾದೇವಿಯೇ?" ಎಂದು ಕೇಳುವವರೇ ಹೆಚ್ಚು. ಅಲ್ಲ, ಈಕೆ ಅದಕ್ಕೂ ಒಂದು ಶತಮಾನ ಹಿಂದಿನವಳು, ಚಾಲುಕ್ಯರ ಮನೆಮಗಳು.

ಮನೆಮಗಳು ಎಂಬುದನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇವೆ. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ರಾಣಿಯೆಂದರೆ ಸಾಮಾನ್ಯವಾಗಿ ರಾಜನ ಪತ್ನಿ, ಇಲ್ಲವೇ ವಿಧವೆ. ಅಕ್ಕಾದೇವಿಗೆ ಅಧಿಕಾರ ಬಂದದ್ದು ತವರಿನಿಂದ. 973ರಲ್ಲಿ ರಾಷ್ಟ್ರಕೂಟರನ್ನು ಕೆಳಗಿಳಿಸಿ ರಾಜ್ಯ ಕಟ್ಟಿದ ಎರಡನೆಯ ತೈಲಪ ಅವಳ ತಾತ. ರನ್ನನು ಗದಾಯುದ್ಧದಲ್ಲಿ ಭೀಮನಿಗೆ ಹೋಲಿಸಿದ ಸತ್ಯಾಶ್ರಯ ಅವಳ ದೊಡ್ಡಪ್ಪ. ತಂದೆ ದಶವರ್ಮ ಪಟ್ಟವೇರಲಿಲ್ಲ. ಆದರೆ ಸಹೋದರರಾದ ಐದನೆಯ ವಿಕ್ರಮಾದಿತ್ಯ, ಎರಡನೆಯ ಜಯಸಿಂಹ ಇಬ್ಬರೂ ಅರಸರಾದರು. ಕಲ್ಯಾಣವನ್ನು ರಾಜಧಾನಿಯಾಗಿ ಬೆಳೆಸಿದ ಒಂದನೆಯ ಸೋಮೇಶ್ವರನಿಗೆ ಈಕೆ ಸೋದರತ್ತೆ. ಹಾನಗಲ್ಲಿನ ಕದಂಬರ ಮನೆಗೆ ಸೊಸೆಯಾಗಿ ಹೋದಳು. ಮಗ ತೋಯಿಮದೇವ ಮುಂದೆ ಬನವಾಸಿ ನಾಡನ್ನು ಆಳಿದ.

ಮದುವೆಯಾದ ಮೇಲೆ ತವರಿನ ಋಣ ತೀರಿತು ಎನ್ನುವ ಮಾತು ನಮ್ಮಲ್ಲಿ ಇಂದಿಗೂ ಕೇಳಿಬರುತ್ತದೆ. ಅಕ್ಕಾದೇವಿಯ ವಿಷಯದಲ್ಲಿ ಹಾಗಾಗಲಿಲ್ಲ. 1010ರ ಸೂಡಿಯ ಶಾಸನದಲ್ಲಿ ಅವಳು ಕಿಸುಕಾಡು ಎಪ್ಪತ್ತನ್ನು, ಅಂದರೆ ಎಪ್ಪತ್ತು ಹಳ್ಳಿಗಳ ನಾಡನ್ನು, ಆಳುತ್ತಿದ್ದಾಳೆ. ವಿಕ್ರಮಾದಿತ್ಯ ಹೋಗಿ ಜಯಸಿಂಹ ಬಂದ, ಅವನ ನಂತರ ಸೋಮೇಶ್ವರ ಬಂದ. ಸಿಂಹಾಸನದ ಮೇಲೆ ಕೂತವರು ಬದಲಾದರು, ಅಕ್ಕಾದೇವಿಯ ಅಧಿಕಾರ ಉಳಿಯಿತು. 1047ರಲ್ಲಿ ಅವಳು ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿದ್ದಳೆಂದು ಅರಸೀಬೀದಿಯ ಶಾಸನ ತಿಳಿಸುತ್ತದೆ. ಮೊದಲ ಶಾಸನದಿಂದ ಎಣಿಸಿದರೆ ಮೂವತ್ತೇಳು ವರ್ಷ. ಐವತ್ತು ದಾಟಿದ ಹೆಂಗಸು ಯುದ್ಧದ ಬೀಡಿನಲ್ಲಿ! ರಣದಲ್ಲಿ ಭೈರವಿ ಎಂದು ಶಾಸನಕವಿ ಹೊಗಳಿದ್ದಾನೆ. ಹೊಗಳುವುದು ಅವನ ಕಸುಬು, ಅದನ್ನು ಬಿಟ್ಟುಬಿಡೋಣ. ಮುತ್ತಿಗೆ ಮಾತ್ರ ಹೊಗಳಿಕೆಯಲ್ಲ.

ಕೋಟೆಗಿಂತಲೂ ನಮಗೆ ಹಿಡಿಸಿದ್ದು ಇನ್ನೊಂದು ಕೆಲಸ. ಚೋಳರೊಡನೆ ನಡೆದ ಯುದ್ಧದಲ್ಲಿ ಸೂಡಿಯ ಊರ ಕಟ್ಟುಪಾಡು ಕದಡಿಹೋಗಿತ್ತು. ಎಂಟು ಮಂದಿ ಸೆಟ್ಟಿಗಳಿಗೆ, ಎಂಬತ್ತು ಒಕ್ಕಲುಗಳಿಗೆ ಅವರ ಹಕ್ಕುಬಾಧ್ಯತೆಗಳನ್ನು ಮತ್ತೆ ಬರೆದುಕೊಟ್ಟವಳು ಈಕೆ. ಯುದ್ಧ ಮುಗಿದ ಮೇಲೆ ಅಂಗಡಿ ತೆರೆಯಬೇಕು, ತೆರಿಗೆ ಎಷ್ಟೆಂದು ಗೊತ್ತಾಗಬೇಕು. ಆಳುವುದೆಂದರೆ ಬಹುಪಾಲು ಇದೇ ತಾನೇ? ಶಿವಾಲಯಗಳಿಗೂ ದತ್ತಿ ಬಿಟ್ಟಳು, ಜೈನ ಬಸದಿಗೂ ಬಿಟ್ಟಳು. ಆ ಬಸದಿಗೆ ಅವಳ ಬಿರುದಿನದೇ ಹೆಸರು: ಗುಣದಬೆಡಂಗಿ ಜಿನಾಲಯ.

ನಾವಿರುವ ಈ ಅರಬ್ಬರ ನೆಲದಲ್ಲೂ ಅದೇ ಶತಮಾನದಲ್ಲಿ ಇಂಥವಳೊಬ್ಬಳು ಹುಟ್ಟಿದ್ದಳು. ಯೆಮನಿನ ರಾಣಿ ಅರ್ವಾ ಜಿಬ್ಲಾ ಪಟ್ಟಣದಿಂದ 1138ರವರೆಗೆ ಆಳಿದಳು. ಶುಕ್ರವಾರದ ಪ್ರವಚನದಲ್ಲಿ ಅವಳ ಹೆಸರನ್ನು ಓದುತ್ತಿದ್ದರು. ಆದರೆ ಅವಳಿಗೆ ಅಧಿಕಾರ ಬಂದದ್ದು ಗಂಡನ ಕಡೆಯಿಂದ.

ರಜೆಯಲ್ಲಿ ಬಾದಾಮಿ, ಪಟ್ಟದಕಲ್ಲು ನೋಡಲು ಹೋಗುವವರು ಇನ್ನೊಂದು ದಿನ ಉಳಿಸಿಕೊಳ್ಳಿ. ಸೂಡಿ ಗದಗ ಜಿಲ್ಲೆಯಲ್ಲಿದೆ. ಜೋಡುಕಳಸದ ಗುಡಿ, ನಾಗಕುಂಡ ಎಂಬ ಕಲ್ಲಿನ ಪುಷ್ಕರಣಿ ಎರಡೂ ನೋಡತಕ್ಕವು. ಅರಸೀಬೀದಿ ಬಾಗಲಕೋಟೆ ಜಿಲ್ಲೆಯ ಸಣ್ಣ ಹಳ್ಳಿ. ಶಾಸನಗಳಲ್ಲಿ ಅದು ವಿಕ್ರಮಪುರ. ಆ ಹೆಸರನ್ನು ಊರಿನವರು ಎಂದೋ ಮರೆತರು. ಅರಸಿಯ ಬೀದಿ ಎನ್ನುವುದನ್ನು ಮಾತ್ರ ಬಿಟ್ಟಿಲ್ಲ.