ಎಂಜಿನಿಯರಿಂಗ್ ಸೀಟು ಸಿಗದವರಿಗೂ ಐಟಿ ದಾರಿ: ಎಂಸಿಎ ಹಿಂದಿನ ಮೇಷ್ಟ್ರು ಪ್ರೊ. ರಾಜಾರಾಮನ್ ಯಾರು?

ಬಿಸಿಲೆ (ಸಕಲೇಶಪುರ): ಎಂಜಿನಿಯರಿಂಗ್ ಸೀಟು ಸಿಗಲಿಲ್ಲ, ಸಿಕ್ಕರೂ ಫೀಸು ಕಟ್ಟೋಕಾಗಲ್ಲ, ಇನ್ನು ಮಕ್ಕಳಿಗೆ ಕಂಪ್ಯೂಟರ್ ಕೆಲಸ ದೂರದ ಮಾತು ಅಂತ ಅಂದುಕೊಳ್ಳುವ ಮನೆಗಳು ಬಿಸಿಲೆ ಕಡೆಯಲ್ಲೂ ಇವೆ, ಆಲೂರಿನಲ್ಲೂ ಇವೆ. ಆದರೆ ಬಿಸಿಎ, ಬಿಎಸ್ಸಿ, ಬಿಕಾಂ ಮಾಡಿದವರಿಗೂ ಎಂಸಿಎ ಎಂಬ ದಾರಿ ಇದೆ. ದೇಶದಲ್ಲಿ ಈ ಕೋರ್ಸ್ ಬರಲು ಮುಖ್ಯ ಕಾರಣರಾದವರು ಪ್ರೊ. ವಿ. ರಾಜಾರಾಮನ್.

ಶುರು ಮಾಡಿದ್ದು ಬಿಎಸ್ಸಿಯಿಂದ

1933ರಲ್ಲಿ ಈರೋಡ್‌ನಲ್ಲಿ ಹುಟ್ಟಿದ ರಾಜಾರಾಮನ್ ಮೊದಲು ಪಡೆದದ್ದು ಎಂಜಿನಿಯರಿಂಗ್ ಪದವಿ ಅಲ್ಲ. 1952ರಲ್ಲಿ ದೆಹಲಿಯಲ್ಲಿ ಭೌತಶಾಸ್ತ್ರದ ಬಿಎಸ್ಸಿ ಆನರ್ಸ್ ಮುಗಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆಗೆ ಬಂದರು. ಅಲ್ಲಿಂದ ಸ್ಕಾಲರ್‌ಶಿಪ್ ಮೇಲೆ ಅಮೆರಿಕದ ಎಂಐಟಿಗೆ ಹೋದರು. 1961ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು.

ಕಾನ್ಪುರದ ಪಾಠ

1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಕಂಪ್ಯೂಟರ್ ಬಂತು. ಅದೇ ವರ್ಷ ರಾಜಾರಾಮನ್ ಅಲ್ಲಿ ಮೇಷ್ಟ್ರಾಗಿ ಸೇರಿದರು. 1965ರಲ್ಲಿ ಅಲ್ಲಿ ಎಂಟೆಕ್‌ಗೆ ಕಂಪ್ಯೂಟರ್ ಸೈನ್ಸ್ ವಿಷಯ ತಂದರು. ದೇಶದಲ್ಲಿ ಇದು ಮೊದಲನೆಯದು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಕಾನ್ಪುರಕ್ಕೆ ಹೋಗಿದ್ದ ಎನ್.ಆರ್. ನಾರಾಯಣಮೂರ್ತಿ ಇವರ ಶಿಷ್ಯರು. ವಿದ್ಯಾರ್ಥಿಗಳ ಕೈಗೆ ಎಟುಕುವ ಬೆಲೆಯಲ್ಲಿ ಪ್ರೋಗ್ರಾಮಿಂಗ್ ಪುಸ್ತಕಗಳನ್ನೂ ಬರೆದರು. ಈಗಲೂ ಅವು ಕಾಲೇಜು ಲೈಬ್ರರಿಗಳಲ್ಲಿ ಸಿಗುತ್ತವೆ.

ಎಂಸಿಎ ಯಾಕೆ ಬಂತು?

1980ರ ಹೊತ್ತಿಗೆ ದೇಶದಲ್ಲಿ ಕಂಪ್ಯೂಟರ್‌ಗಳು ಹೆಚ್ಚುತ್ತಿದ್ದವು, ಕೆಲಸ ಬಲ್ಲವರು ಸಾಲುತ್ತಿರಲಿಲ್ಲ. ಎಂಜಿನಿಯರುಗಳನ್ನೇ ಕಾದರೆ ಆಗದು, ಬೇರೆ ಪದವೀಧರರಿಗೂ ಕಲಿಸಬೇಕು ಎಂದು ರಾಜಾರಾಮನ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ ಶಿಫಾರಸು ಮಾಡಿತು. ಹೀಗೆ ಮೂರು ವರ್ಷದ ಎಂಸಿಎ ಬಂತು. 1982ರಲ್ಲಿ ಬೆಂಗಳೂರಿಗೆ ಮರಳಿದ ಅವರು 1994ರವರೆಗೆ ಐಐಎಸ್‌ಸಿಯ ಸೂಪರ್‌ಕಂಪ್ಯೂಟರ್ ಕೇಂದ್ರ ನಡೆಸಿದರು. 1998ರಲ್ಲಿ ಪದ್ಮಭೂಷಣ ಬಂತು. 2025ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಈಗ ಸೇರುವುದು ಹೇಗೆ?

2020-21ರಿಂದ ಎಂಸಿಎ ಎರಡೇ ವರ್ಷ. ಅಂದರೆ ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಉಳಿತಾಯ. ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟಿಗೆ ಕೆಇಎ ನಡೆಸುವ ಪಿಜಿಸಿಇಟಿ ಬರೆಯಬೇಕು. ಬಿಸಿಎ ಮಾಡದವರು ಗಣಿತದ ಷರತ್ತು ಏನಿದೆ ಎಂದು ಆ ವರ್ಷದ ಬ್ರೋಷರ್‌ನಲ್ಲಿ ಮೊದಲೇ ನೋಡಿಕೊಳ್ಳಬೇಕು. ಪಿಯುಸಿಯಲ್ಲಿ ಗಣಿತ ಬಿಡುವ ಮುಂಚೆ ಒಮ್ಮೆ ಯೋಚಿಸುವುದು ಒಳ್ಳೇದು.